ಬೆಳಚಿನ ಲೆಕ್ಕ

ತುಂಬಿದ ನಮೂನೆಗಳ ಮೊದಲ ಕಂತು ನನ್ನ ಫೋನಿಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಪುಣೆಯ ಮೀನು ಮಾರ್ಕೆಟ್ಟಿನಲ್ಲಿ ತಿಸ್ರ್ಯಾ ಮಾರುವ ಹೆಂಗಸಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಚೌಕಾಸಿ ಮಾಡುತ್ತಿದ್ದೆ. ಊರಿನಿಂದ ಚಿಕ್ಕಿ ಆರು ಫೋಟೋ ಕಳಿಸಿದ್ದಳು. ನಾನೇ ಕನ್ನಡಕ್ಕೆ ತಂದಿದ್ದ ನಮೂನೆ, ಅದರ ಮೇಲೆ ಊರಿನ ಹೆಂಗಸರ ಕೈಬರಹ. ದಿನಾಂಕ ಇತ್ತು, ಬುಟ್ಟಿ ಎಷ್ಟು ಅಂತ ಇತ್ತು, ಯಾರಿಗೆ ಮಾರಿದ್ದು ಅಂತ ಇತ್ತು. ಐದನೆಯ ಕಾಲಮ್ಮಿನ ತಲೆಯಲ್ಲಿ ನಾನು 'ಜಾತಿ' ಎಂದು ಬರೆದಿದ್ದೆ. ಅದರ ಕೆಳಗೆ ಆರೂ ಹಾಳೆಗಳಲ್ಲಿ, ಸಾಲಿನಿಂದ ಸಾಲಿಗೆ, ಒಂದೇ ಉತ್ತರ: ಅಂಬಿಗ, ಅಂಬಿಗ, ಅಂಬಿಗ.

ಮಾರ್ಕೆಟ್ಟಿನಲ್ಲೇ ಜೋರಾಗಿ ನಕ್ಕುಬಿಟ್ಟೆ. ಆಮೇಲೆ ನಾಚಿಕೆಯಾಯಿತು. ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿ, ಹತ್ತು ವರ್ಷ ಅನುವಾದದ ಕೂಲಿ ಮಾಡಿದವಳಿಗೆ ಇಷ್ಟು ತೋಚಲಿಲ್ಲವಲ್ಲ. ಜೀವಶಾಸ್ತ್ರದ ಪಠ್ಯಪುಸ್ತಕದಲ್ಲಿ ಜಾತಿ ಎಂದರೆ ಏನೋ ಇರಬಹುದು. ಸರ್ಕಾರಿ ನಮೂನೆಯಂತೆ ಕಾಣುವ ಕಾಗದದಲ್ಲಿ ಜಾತಿ ಎಂದು ಕೇಳಿದರೆ ನಮ್ಮೂರಿನಲ್ಲಿ, ನಿಮ್ಮೂರಿನಲ್ಲೂ, ಜನ ಕೊಡುವ ಉತ್ತರ ಒಂದೇ. ಚಿಪ್ಪಿನೊಳಗಿನ ಜೀವದ ಕುಲ ಕೇಳಿದರೆ ಅವರು ಪಾಪ ತಮ್ಮ ಕುಲ ಹೇಳಿದ್ದರು.

ಈ ಕೆಲಸ ನನಗೆ ಸಿಕ್ಕಿದ್ದು ಹೀಗೆ. ಹೊಳೆ, ಅಳಿವೆಗಳ ಮೇಲೆ ಕೆಲಸ ಮಾಡುವ ಒಂದು ಸಂಸ್ಥೆಗೆ ಇಂಗ್ಲಿಷಿನ ದಾಖಲೆ ಪುಸ್ತಕವೊಂದನ್ನು ಕನ್ನಡಕ್ಕೆ ತರುವವರು ಬೇಕಿತ್ತು. ಅಘನಾಶಿನಿ ಅಳಿವೆಯಲ್ಲಿ ಬೆಳಚು ತೆಗೆಯುವವರು ದಿನದಿನದ ಲೆಕ್ಕ ಬರೆದಿಡಬೇಕು, ಎರಡು ವರ್ಷದ ಲೆಕ್ಕ ಸಿಕ್ಕರೆ ಅದರ ಮೇಲೆ ನಿಯಮಗಳನ್ನು ಮಾಡಬಹುದು ಎಂಬುದು ಅವರ ಯೋಜನೆ. ಯಾರೋ ನನ್ನ ಹೆಸರು ಹೇಳಿದ್ದರು. ನಾನು ಕುಮಟಾ ತಾಲೂಕಿನವಳು, ಅಜ್ಜಿ ಬೆಳಚು ತೆಗೆದೇ ಮಕ್ಕಳನ್ನು ಸಾಕಿದ್ದು ಎಂದು ಅವರಿಗೆ ಗೊತ್ತಿರಲಿಲ್ಲ. ಪದಕ್ಕೆ ಇಷ್ಟು ಎಂದು ದರ ಹೇಳಿದೆ, ಒಪ್ಪಿದರು. ಅಂಥ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವಾಗ ಸ್ವಲ್ಪ ಕಸಿವಿಸಿಯಾಯಿತು. ತೆಗೆದುಕೊಂಡೆ.

ಬೆಳಚು ಗೊತ್ತಿಲ್ಲದವರಿಗೆ ಎರಡು ಮಾತು. ಎರಡು ಚಿಪ್ಪಿನ ನಡುವೆ ಬದುಕುವ, ಉಪ್ಪುನೀರು ಸಿಹಿನೀರು ಬೆರೆಯುವಲ್ಲಿ ಹೊಯಿಗೆಯೊಳಗೆ ಹೂತುಕೊಂಡಿರುವ ಜೀವ. ಮಂಗಳೂರಿನವರು ಮರುವಾಯಿ ಎನ್ನುತ್ತಾರೆ. ಮುಂಬೈ ಪುಣೆಯಲ್ಲಿ ತಿಸ್ರ್ಯಾ, ಶಿವಲ್ಯಾ ಎಂದು ಮಾರುವುದು ಇದರ ಬಳಗವನ್ನೇ. ಕೊಲ್ಲಂ ಕಡೆ ಕಕ್ಕ. ಸಹ್ಯಾದ್ರಿಯಿಂದ ಇಳಿದು ಬರುವ ಅಘನಾಶಿನಿಗೆ ಅಣೆಕಟ್ಟೆಗಳಿಲ್ಲ. ಮಳೆಗಾಲದ ಸಿಹಿನೀರು, ಬೇಸಿಗೆಯ ಉಪ್ಪುನೀರು ತಂತಮ್ಮ ಹೊತ್ತಿಗೆ ಬಂದು ಹೋಗುತ್ತವೆ. ಬೆಳಚಿಗೆ ಬೇಕಾದದ್ದೂ ಅದೇ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ವರದಿಯೊಂದು ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳನ್ನು ತೆಗೆಯುತ್ತಾರೆ, ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಅದು ನೇರ ಉದ್ಯೋಗ ಎಂದು ಅಂದಾಜು ಮಾಡಿತ್ತು. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು.

ಆ ಎರಡು ಸಾವಿರ ಜನರಲ್ಲಿ ನನ್ನ ಅಜ್ಜಿಯೂ ಒಬ್ಬಳಾಗಿದ್ದಿರಬಹುದು. ಅಷ್ಟರಲ್ಲಿ ಅವಳಿಗೆ ಮೊಣಕಾಲು ನೋವು ಶುರುವಾಗಿತ್ತು, ಆದರೂ ಹೋಗುತ್ತಿದ್ದಳು. ರೇಷನ್ ಕಾರ್ಡಿನಲ್ಲಿ ಅವಳ ಉದ್ಯೋಗ 'ಮನೆಗೆಲಸ' ಎಂದಿತ್ತು.

ಅನುವಾದಕ್ಕೆ ಕೂತಾಗ ಮೊದಲ ಪದವೇ ತಡೆಯಿತು. ಇಂಗ್ಲಿಷಿನಲ್ಲಿ ಚಿಪ್ಪು ತೆಗೆಯುವವರನ್ನು ಹಾರ್ವೆಸ್ಟರ್ ಎನ್ನುತ್ತಾರೆ. ನಿಘಂಟು 'ಕೊಯ್ಲುಗಾರ' ಎನ್ನುತ್ತದೆ. ಬಿತ್ತದೇ ಕೊಯ್ಯುವುದೆಂತು? ನಮ್ಮಲ್ಲಿ ಬೆಳಚು ಹೆಕ್ಕುತ್ತಾರೆ, ತೆಗೆಯುತ್ತಾರೆ, ಇಲ್ಲವೇ ಸುಮ್ಮನೆ 'ಬೆಳಚಿಗೆ ಹೋಗುತ್ತಾರೆ', ಸೌದೆಗೆ ಹೋದ ಹಾಗೆ. ಮುಂದಿನ ಪದ ವೈಲ್ಡ್. ಕೆರೆ ಕಟ್ಟಿ ಸಾಕಿದ್ದಲ್ಲ, ತಾನಾಗಿ ಹುಟ್ಟಿ ಬೆಳೆದದ್ದು ಎಂದು ಅರ್ಥ. ಕಾಡು ಬೆಳಚು ಎಂದು ಬರೆದರೆ ಚಿಕ್ಕಿ ಊರೆಲ್ಲ ಹೇಳಿಕೊಂಡು ನಗುತ್ತಾಳೆ. 'ಹೊಳೆಯ ಬೆಳಚು' ಎಂದು ಬರೆದೆ. ಇವೆಲ್ಲ ಸರಿ ಹೋದವು. ಜಾತಿಯಲ್ಲಿ ಎಡವಿದೆ. ಆಮೇಲೆ ಅದನ್ನು ಹೊಡೆದು ಹಾಕಿ 'ಯಾವ ಬೆಳಚು' ಎಂದು ತಿದ್ದಿದೆ. ಕರಿಯದು, ಬಿಳಿಯದು, ದಪ್ಪದ್ದು ಎಂದು ಸರಿಯಾದ ಉತ್ತರಗಳು ಬಂದವು.

ಹೊತ್ತಿನ ಕಾಲಮ್ಮು ಇನ್ನೊಂದು ಪಾಠ ಕಲಿಸಿತು. 'ಕೆಲಸ ಆರಂಭಿಸಿದ ಸಮಯ, ಮುಗಿಸಿದ ಸಮಯ' ಎಂದಿತ್ತು. ಬೆಳಚಿನ ಕೆಲಸ ಗಡಿಯಾರದ ಮೇಲೆ ನಡೆಯುವುದಿಲ್ಲ. ನೀರು ಇಳಿದಾಗ ದಿಬ್ಬ ಕಾಣುತ್ತದೆ, ಆಗ ಹೋಗಬೇಕು, ಏರುವ ಮೊದಲು ಬರಬೇಕು. ಇಳಿತ ದಿನಕ್ಕೆ ಎರಡು ಸಲ, ಪ್ರತಿ ದಿನ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸು ನೀರು ಬಹಳ ಕೆಳಗೆ ಹೋಗುತ್ತದೆ, ಆಗ ದೂರದ ದಿಬ್ಬಗಳೂ ಸಿಗುತ್ತವೆ. ಅಷ್ಟಮಿಯ ಸುತ್ತಮುತ್ತ ಹೋದರೂ ಒಂದೇ ಹೋಗದಿದ್ದರೂ ಒಂದೇ. ಹೀಗಿರುವಾಗ ಬರೀ ತಾರೀಖು ಬರೆದರೆ ಒಂದು ದಿನ ನಾಲ್ಕು ಬುಟ್ಟಿ, ಇನ್ನೊಂದು ದಿನ ಅರ್ಧ ಬುಟ್ಟಿ ಯಾಕೆ ಎಂದು ದೂರದಲ್ಲಿ ಕೂತು ಲೆಕ್ಕ ಓದುವವರಿಗೆ ತಿಳಿಯುವುದಿಲ್ಲ. ಅರ್ಧ ಬುಟ್ಟಿಯನ್ನು ನೋಡಿ ಬೆಳಚು ಕಡಿಮೆಯಾಗಿದೆ ಎಂದುಕೊಳ್ಳಬಹುದು. ನಾನು ಸಂಸ್ಥೆಗೆ ಬರೆದು ತಿಥಿಯ ಕಾಲಮ್ಮೊಂದನ್ನು ಸೇರಿಸಿಸಿದೆ. ಅನುವಾದಕಿಯ ಕೆಲಸ ಅದಲ್ಲ. ಆದರೆ ಇಡೀ ನಮೂನೆಯಲ್ಲಿ ಒಂದು ಸಾಲೂ ಖಾಲಿ ಬಿಡದೆ ಹೆಂಗಸರು ತುಂಬಿದ್ದು ಆ ಕಾಲಮ್ಮನ್ನು ಮಾತ್ರ.

ಇಷ್ಟೆಲ್ಲ ಬರೆದಿಡುವುದು ಯಾಕೆ ಎಂದು ನೀವು ಕೇಳಬಹುದು. ಚಿಕ್ಕಿಯೂ ಕೇಳಿದ್ದಳು. ಆಗ ನನಗೆ ಸರಿಯಾಗಿ ಉತ್ತರ ಬರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಲೆಕ್ಕಕ್ಕೆ ಎರಡು ಕಾರಣಗಳಿವೆ. ಒಂದು ತಿನ್ನುವವರಿಗಾಗಿ, ಇನ್ನೊಂದು ಹೊಳೆಗಾಗಿ.

ತಿನ್ನುವವರ ಕಾರಣ ಮೊದಲು. ಬೆಳಚು ಇದ್ದಲ್ಲೇ ಇದ್ದು ದಿನವಿಡೀ ನೀರನ್ನು ಸೋಸಿ ಅದರಲ್ಲಿದ್ದದ್ದನ್ನು ತಿನ್ನುತ್ತದೆ. ನೀರಿನಲ್ಲಿ ಕೊಳಕಿದ್ದರೆ ಕೊಳಕು, ವಿಷದ ಪಾಚಿಯಿದ್ದರೆ ವಿಷ, ಎಲ್ಲವೂ ಅದರ ಮೈಯಲ್ಲಿ ಸೇರುತ್ತದೆ. 1924-25ರ ಚಳಿಗಾಲದಲ್ಲಿ ಅಮೆರಿಕದ ನಗರಗಳಲ್ಲಿ ಸಿಂಪಿ ತಿಂದು ಸುಮಾರು 1,500 ಜನ ಟೈಫಾಯ್ಡ್ ಹಿಡಿದು ಮಲಗಿದರು, 150 ಜನ ಸತ್ತರು. ಅಲ್ಲಿನ ಚಿಪ್ಪಿನ ಕಾನೂನುಗಳು ಶುರುವಾದದ್ದು ಆಗ. ಇವತ್ತು ಅಲ್ಲಿ ಬೆಳಚಿನ ಪ್ರತಿ ಚೀಲಕ್ಕೂ ಒಂದು ಚೀಟಿ ಕಟ್ಟಿರಬೇಕು. ತೆಗೆದವರ ನಂಬರು, ತೆಗೆದ ದಿನ, ಜಾಗ, ಯಾವ ಬಗೆಯದು, ಎಷ್ಟು ಎಂದು ಅದರಲ್ಲಿರಬೇಕು. ಚೀಲ ಖಾಲಿಯಾದ ಮೇಲೂ ಹೋಟೆಲಿನವನು ಆ ಚೀಟಿಯನ್ನು 90 ದಿನ ಇಟ್ಟುಕೊಂಡಿರಬೇಕು. ಇಷ್ಟು ದಿನ ಯಾಕೆಂದರೆ ಚಿಪ್ಪಿನಿಂದ ಬರಬಹುದಾದ ಹೆಪಟೈಟಿಸ್ ಎ ಕಾಮಾಲೆ ಕಾಣಿಸಿಕೊಳ್ಳಲು ಐವತ್ತು ದಿನಗಳವರೆಗೂ ಆಗಬಹುದು. ಕಾಯಿಲೆ ಬಿದ್ದವನು ಎಂದೋ ತಿಂದ ಊಟದ ಜಾಡು ಹಿಡಿದು ಹೊಳೆಯ ಯಾವ ಮೂಲೆಗೆ ಹೋಗಬೇಕೆಂದು ಆ ಚೀಟಿ ಹೇಳುತ್ತದೆ. ಯುರೋಪಿನಲ್ಲಿ ನೀರಿಗೇ ದರ್ಜೆ ಕೊಡುತ್ತಾರೆ, ಚಿಪ್ಪಿನ ಮಾಂಸದಲ್ಲಿ ಎಷ್ಟು ಇ. ಕೋಲೈ ಇದೆ ಎಂದು ನೋಡಿ ಎ, ಬಿ, ಸಿ ಎಂದು. ಎ ದರ್ಜೆಯ ನೀರಿನದ್ದನ್ನು ನೇರವಾಗಿ ಮಾರಬಹುದು, ಬಿ ದರ್ಜೆಯದನ್ನು ಶುದ್ಧಮಾಡಿ ಮಾರಬೇಕು.

ಇದೆಲ್ಲ ದೂರದ ಮಾತು ಎನಿಸಿದರೆ ಹತ್ತಿರದ್ದೊಂದು ಹೇಳುತ್ತೇನೆ. 1983ರಲ್ಲಿ ಮಂಗಳೂರಿನಿಂದ ದೂರವಿಲ್ಲದ ಕುಂಬಳೆಯ ಹೊಳೆಯ ಮರುವಾಯಿ ತಿಂದು ಹಲವರು ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಸಂಶೋಧಕರು ಪರೀಕ್ಷಿಸಿ, ಅದು ನರಗಳನ್ನು ಮರಗಟ್ಟಿಸುವ ಪಾಚಿಯ ವಿಷ ಎಂದು ಗುರುತಿಸಿ ಬರೆದರು. ಆ ವಿಷಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಅಂಥ ದಿನ ಜೀವ ಉಳಿಸುವುದು ಒಂದೇ ಮಾತು: ಇದು ಯಾವ ಹೊಳೆಯದು, ಯಾವತ್ತು ತೆಗೆದದ್ದು? ಉತ್ತರ ಗೊತ್ತಿದ್ದರೆ ಆ ಹೊಳೆಯನ್ನು ಮುಚ್ಚಿ ಮಿಕ್ಕವರನ್ನು ಉಳಿಸಬಹುದು. ಪುಣೆಯ ಮಾರ್ಕೆಟ್ಟಿನಲ್ಲಿ ನಾನು ಆ ಹೆಂಗಸನ್ನು ಕೇಳಿದೆ, ಇದು ಎಲ್ಲಿಯದು? 'ಕೊಂಕಣದ್ದು' ಎಂದಳು. ಕೊಂಕಣ ಎಂದರೆ ಎಷ್ಟು ಹೊಳೆ!

ಇನ್ನು ಹೊಳೆಯ ಕಾರಣ. ಇದಕ್ಕೆ ಕೊಲ್ಲಂನ ಅಷ್ಟಮುಡಿ ಕಾಯಲಿನ ಕತೆ ಹೇಳಬೇಕು. ಅಲ್ಲಿನ ಮಂಜ ಕಕ್ಕ, ಅಂದರೆ ಹಳದಿ ಬೆಳಚು, 1980ರ ದಶಕದಲ್ಲಿ ಹೊರದೇಶಕ್ಕೆ ಹೋಗಲು ಶುರುವಾಯಿತು. ಬೇಡಿಕೆ ಏರಿತು, ತೆಗೆಯುವವರೂ ಏರಿದರು. 1991ರಲ್ಲಿ ವರ್ಷಕ್ಕೆ 10 ಸಾವಿರ ಟನ್ನಿಗೆ ಹೋದದ್ದು 1993ರ ಹೊತ್ತಿಗೆ ಅರ್ಧಕ್ಕೆ ಬಿತ್ತು. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಸಲಹೆಯ ಮೇಲೆ ನಿಯಮಗಳು ಬಂದವು. ಬೆಳಚು ಮರಿ ಮಾಡುವ ಡಿಸೆಂಬರಿನಿಂದ ಫೆಬ್ರವರಿಯವರೆಗೆ ತೆಗೆಯಬಾರದು. ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಚಿಕ್ಕದಿರಬಾರದು. ಯಂತ್ರ ಹಾಕಿ ಬಾಚಬಾರದು. ನನಗೆ ಇವೆಲ್ಲಕ್ಕಿಂತ ಜಾಣತನದ್ದು ಎನಿಸಿದ್ದು ನಾಲ್ಕನೆಯದು: ಹೊರದೇಶಕ್ಕೆ ಕಳಿಸುವ ಬೆಳಚಿನ ಮಾಂಸ ಒಂದು ಕಿಲೋಗೆ 1,400ಕ್ಕಿಂತ ಹೆಚ್ಚು ಹಿಡಿಸಬಾರದು. ಕಿಲೋಗೆ ಹೆಚ್ಚು ಹಿಡಿಸಿತೆಂದರೆ ಒಂದೊಂದೂ ಚಿಕ್ಕದು ಎಂದರ್ಥ. ಚಿಕ್ಕದಕ್ಕೆ ಕೊಳ್ಳುವವನೇ ಇಲ್ಲದಿದ್ದರೆ ತೆಗೆಯುವವರು ತಾವಾಗಿ ಬಿಡುತ್ತಾರೆ. ಹೊಳೆಯ ತುಂಬ ಕಾವಲು ನಿಲ್ಲಿಸುವ ಬದಲು ತಕ್ಕಡಿಯ ಹತ್ತಿರ ಒಬ್ಬನನ್ನು ನಿಲ್ಲಿಸಿದರೆ ಸಾಕು. ಫಸಲು ಮತ್ತೆ ಹಳೆಯ ಮಟ್ಟಕ್ಕೆ ಬಂತು. 2014ರಲ್ಲಿ ಈ ಮೀನುಗಾರಿಕೆಗೆ ಎಂ.ಎಸ್.ಸಿ. ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲೇ ಮೊದಲನೆಯದು. ಕತೆ ಅಲ್ಲಿಗೇ ಸುಖವಾಗಿ ಮುಗಿಯಲಿಲ್ಲ. ಕಕ್ಕ ಮತ್ತೆ ಕಡಿಮೆಯಾಗಿ, 2024ರಲ್ಲಿ ಅದೇ ಸಂಶೋಧನಾ ಸಂಸ್ಥೆ ಲಕ್ಷಗಟ್ಟಲೆ ಮರಿಗಳನ್ನು ಕಾಯಲಿಗೆ ಬಿಡಬೇಕಾಯಿತು. ಆದರೆ ಬಿದ್ದದ್ದು ಗೊತ್ತಾಗಿದ್ದು, ಎದ್ದದ್ದು ಗೊತ್ತಾಗಿದ್ದು, ಮತ್ತೆ ಬಿದ್ದದ್ದು ಗೊತ್ತಾಗಿದ್ದು ಯಾರೋ ವರ್ಷವರ್ಷವೂ ಬರೆದಿಟ್ಟಿದ್ದರಿಂದ.

ನಮ್ಮ ಹೊಳೆಯಲ್ಲಿ ಅಂಥದ್ದೇನೂ ಇರಲಿಲ್ಲ. ಮಳೆಗಾಲದಲ್ಲಿ ಯಂತ್ರದ ಬೋಟುಗಳು ಕಡಲಿಗೆ ಇಳಿಯಬಾರದೆಂಬ ನಿಯಮ ಎಲ್ಲರಿಗೂ ಗೊತ್ತು. ಮೊಣಕಾಲಿನ ನೀರಿನಲ್ಲಿ ನಿಂತು ಕಾಲ್ಬೆರಳಿನಿಂದ ಹೊಯಿಗೆ ಕೆದಕುವ ಹೆಂಗಸಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಹಾಗಾಗಿ ಲೆಕ್ಕ ಬರೆಯುವುದು ಒಳ್ಳೆಯದೇ ಎಂದು ನಾನು ಪೂರ್ತಿ ನಂಬಿದ್ದೆ. ಈಗಲೂ ನಂಬುತ್ತೇನೆ.

ಅಜ್ಜಿಗೂ ಲೆಕ್ಕವಿತ್ತು. ಬೆಳಚು ನೂರರ ಲೆಕ್ಕದಲ್ಲಿ ಮಾರಾಟ. ಒಂದು ಕೈಗೆ ಐದು, ಇಪ್ಪತ್ತು ಕೈ ಆದರೆ ನೂರು. ನೂರಾದಾಗ ಒಂದು ಬೆಳಚನ್ನು ಪಕ್ಕಕ್ಕೆ ಇಡುತ್ತಿದ್ದಳು. ಕೊನೆಗೆ ಪಕ್ಕದ ರಾಶಿ ಎಣಿಸಿದರೆ ಎಷ್ಟು ನೂರೆಂದು ಗೊತ್ತಾಗುತ್ತಿತ್ತು. ವ್ಯಾಪಾರಿಯ ಬಾಕಿ ಅಡುಗೆಮನೆಯ ಗೋಡೆಯ ಮೇಲೆ ಇದ್ದಲಿನ ಗೆರೆಯಾಗಿ ಇರುತ್ತಿತ್ತು. ಅಕ್ಷರ ಬಾರದ ಅಜ್ಜಿಗೆ ಆ ಗೆರೆಗಳಲ್ಲಿ ಒಂದೂ ತಪ್ಪುತ್ತಿರಲಿಲ್ಲ. ದೀಪಾವಳಿಗೆ ಸುಣ್ಣ ಬಳಿದಾಗ ಗೆರೆಗಳು ಅಳಿಯುತ್ತಿದ್ದವು. ಅಷ್ಟರೊಳಗೆ ಬಾಕಿ ತೀರಿರಬೇಕೆಂಬುದು ಅವಳ ಕಾಯಿದೆ. ಆ ಸುಣ್ಣವೂ ಚಿಪ್ಪನ್ನೇ ಸುಟ್ಟು ಮಾಡಿದ್ದು.

ಈಗ ನನ್ನ ತಪ್ಪಿನ ಮಾತಿಗೆ ಬರುತ್ತೇನೆ.

ಎರಡನೆಯ ತಿಂಗಳ ಹಾಳೆಗಳು ಬಂದಾಗ ಒಂದು ವಿಷಯ ಗಮನಕ್ಕೆ ಬಂತು. ಎಲ್ಲ ಕಾಲಮ್ಮುಗಳೂ ತುಂಬಿದ್ದವು, 'ಸ್ಥಳ' ಎಂಬುದರಲ್ಲಿ ಮಾತ್ರ ಎಲ್ಲರೂ 'ಹೊಳೆ' ಎಂದು ಬರೆದಿದ್ದರು. ಇಪ್ಪತ್ತೆರಡು ಹೆಂಗಸರು, ಎರಡು ತಿಂಗಳು, ಬರೀ ಹೊಳೆ. ಗುಡಿ ಎದುರಿನ ದಿಬ್ಬ, ಕಾಂಡ್ಲದ ಮೂಲೆ, ಹಳೆ ಕಟ್ಟಿನ ಬುಡ ಎಂದು ಅಂಗೈಯಷ್ಟು ಜಾಗಕ್ಕೂ ಹೆಸರಿಟ್ಟುಕೊಂಡವರು ಇವರು. ಸಂಸ್ಥೆಯವರು ನನ್ನನ್ನು ಕೇಳಿದರು, ಅನುವಾದದಲ್ಲಿ ಏನಾದರೂ ಅಸ್ಪಷ್ಟವಾಗಿದೆಯೇ ಎಂದು. ಚಿಕ್ಕಿಗೆ ಫೋನ್ ಮಾಡಿದೆ.

"ಜಾಗ ಬರಿಯೂದಿಲ್ಲ ತಂಗೀ," ಎಂದಳು. "ಬರದ್ರೆ ಲೆಕ್ಕ ಆಗ್ತದೆ. ಲೆಕ್ಕ ಆದ್ರೆ ಗುತ್ತಿಗೆ ಆಗ್ತದೆ. ಎಲ್ಲಿ ಬೆಳಚು ಹೆಚ್ಚುಂಟು ಅಂತ ನಾವೇ ತೋರ್ಸಿಕೊಟ್ಟ ಹಾಗೆ ಆಗ್ತದೆ."

ಈ ಹೆದರಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಈ ಅಳಿವೆಯಲ್ಲಿ ಹೂತ ಹಳೆ ಚಿಪ್ಪನ್ನು ಸುಣ್ಣಕ್ಕೆಂದು ಅಗೆದು ಸಾಗಿಸಿದ್ದನ್ನು ಅವಳು ನೋಡಿದ್ದಾಳೆ. ತದಡಿಯಲ್ಲಿ 4,000 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆಂಬ ಪ್ರಸ್ತಾಪ, ಬಂದರಿನ ಪ್ರಸ್ತಾಪ ಎರಡನ್ನೂ ಕೇಳಿದ್ದಾಳೆ. ಹೊರಗಿನವರು ಹೊಳೆಯ ನಕ್ಷೆ ಹಿಡಿದು ಬಂದಾಗಲೆಲ್ಲ ಅವಳಿಗೆ ಎದೆ ಧಸಕ್ ಎನ್ನುತ್ತದೆ.

"ಆದರೆ ಚಿಕ್ಕಿ, ಆ ಲೆಕ್ಕ ಬೇರೆಯವರಿಗೆ ಕೊಡಬಹುದು ಅಂತ ನೀನೇ ಸಹಿ ಹಾಕಿದ್ದೀಯಲ್ಲ," ಎಂದೆ.

"ಯಾವಾಗ?"

ಸ್ವಲ್ಪ ಹೊತ್ತು ನಾನು ಮಾತಾಡಲಿಲ್ಲ. ಪುಸ್ತಕದ ಮೊದಲ ಪುಟದ ಕೆಳಗೆ ಒಂದು ಒಪ್ಪಿಗೆಯ ವಾಕ್ಯವಿತ್ತು. ನಾನು ಅದನ್ನು ಹೀಗೆ ಅನುವಾದಿಸಿದ್ದೆ: 'ಸದರಿ ದತ್ತಾಂಶವನ್ನು ಸಂಪನ್ಮೂಲ ಯೋಜನೆಯ ಉದ್ದೇಶಕ್ಕಾಗಿ ತೃತೀಯ ಪಕ್ಷಗಳೊಂದಿಗೆ ಹಂಚಿಕೊಳ್ಳಲು ಈ ಮೂಲಕ ಸಮ್ಮತಿಸಿರುತ್ತೇನೆ.' ಅದರ ಕೆಳಗೆ ಇಪ್ಪತ್ತೆರಡು ಸಹಿಗಳು. ಮೊದಲ ಸಹಿ ಚಿಕ್ಕಿಯದು.

"ಓದಲಿಲ್ಲವಾ ಅದನ್ನ?"

"ನೀ ಬರದದ್ದಲ್ವಾ? ಮತ್ತೆಂತ ಓದೂದು?"

ಅಂದು ರಾತ್ರಿ ಮೂಲ ವಾಕ್ಯವನ್ನೂ ನನ್ನ ಅನುವಾದವನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ತಪ್ಪಿಲ್ಲ. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ ಸಿಗುತ್ತಿತ್ತು. ಹಾರ್ವೆಸ್ಟರ್ ಎಂಬ ಪದಕ್ಕಾಗಿ ಅರ್ಧ ದಿನ ಕಳೆದವಳು ಈ ವಾಕ್ಯಕ್ಕೆ ಎರಡು ನಿಮಿಷವೂ ಕೊಟ್ಟಿರಲಿಲ್ಲ. ಇಂಥ ವಾಕ್ಯಗಳನ್ನು ವರ್ಷಕ್ಕೆ ನೂರು ಮಾಡುತ್ತೇನೆ. ಬ್ಯಾಂಕಿನದು, ವಿಮೆಯದು, ಆ್ಯಪ್‌ಗಳದು. ಕೈ ತಾನಾಗಿ 'ಸದರಿ' ಎಂದು ಶುರುಮಾಡುತ್ತದೆ, 'ಸಮ್ಮತಿಸಿರುತ್ತೇನೆ' ಎಂದು ಮುಗಿಸುತ್ತದೆ. ಯಾರೂ ಓದುವುದಿಲ್ಲ ಎಂದು ನಮಗೆ ಗೊತ್ತು, ಬರೆಸುವವರಿಗೂ ಗೊತ್ತು. ಈ ಸಲ ಓದದೆ ಸಹಿ ಹಾಕಿದವಳು ನನ್ನ ಚಿಕ್ಕಿ. ಅವಳು ಓದದಿದ್ದದ್ದಕ್ಕೆ ಕಾರಣ ನಾನು ಬರೆದಿದ್ದೇನೆ ಎಂಬ ನಂಬಿಕೆ.

ವಾಕ್ಯವನ್ನು ಮತ್ತೆ ಬರೆದೆ. 'ನಾವು ಬರೆದ ಲೆಕ್ಕವನ್ನು ಸಂಸ್ಥೆಯವರು ನಮಗೆ ಗೊತ್ತಿಲ್ಲದ ಬೇರೆಯವರಿಗೂ ತೋರಿಸಬಹುದು. ಹೊಳೆಯಲ್ಲಿ ಮುಂದೆ ಏನು ಮಾಡಬೇಕೆಂದು ಅವರು ಇದನ್ನು ನೋಡಿ ತೀರ್ಮಾನಿಸಬಹುದು. ಇದಕ್ಕೆ ನಾನು ಒಪ್ಪಿದ್ದೇನೆ.' ಇದೂ ಸರಿಯಾದ ಅನುವಾದವೇ. ಸಂಸ್ಥೆಗೆ ಕಳಿಸಿದೆ. ಅಲ್ಲಿನ ಹುಡುಗ ಒಳ್ಳೆಯವನು. ಮೂಲ ವಾಕ್ಯ ದುಡ್ಡು ಕೊಡುವವರಿಂದ ಬಂದದ್ದು, ತೆಗೆಯಲು ತನಗೆ ಅಧಿಕಾರವಿಲ್ಲ ಎಂದ. ಹಾಗಾದರೆ ಅವರಿಗೆ ಓದಿ ಹೇಳಿ ಮತ್ತೆ ಸಹಿ ಹಾಕಿಸೋಣ ಎಂದೆ. ಎಷ್ಟು ಜನ ಹಾಕುತ್ತಾರೆ ಎಂದು ಅವನು ಕೇಳಿದ. ಗೊತ್ತಿಲ್ಲ ಎಂದೆ. ಸ್ವಲ್ಪ ಯೋಚಿಸಿ ಒಪ್ಪಿದ.

ರಾತ್ರಿ ಬಸ್ಸು ಹಿಡಿದು ಊರಿಗೆ ಹೋದೆ. ಮರುದಿನ ಮಧ್ಯಾಹ್ನ ನೀರು ಏರಿದ ಹೊತ್ತಿನಲ್ಲಿ, ಯಾರಿಗೂ ಹೊಳೆಯ ಕೆಲಸವಿಲ್ಲದಾಗ, ಚಿಕ್ಕಿಯ ಮನೆಯ ಜಗುಲಿಯಲ್ಲಿ ಎಲ್ಲರೂ ಸೇರಿದರು. ಮೊದಲು ಹಳೆಯ ವಾಕ್ಯ ಓದಿದೆ. ಯಾರ ಮುಖದಲ್ಲೂ ಏನೂ ಬದಲಾಗಲಿಲ್ಲ, ಒಬ್ಬಳು ಮಗುವಿಗೆ ಅನ್ನ ಕಲಸುತ್ತಲೇ ಇದ್ದಳು. ಆಮೇಲೆ ಹೊಸದನ್ನು ಓದಿದೆ. ಅವಳ ಕೈ ನಿಂತಿತು.

"ಇದಕ್ಕಾ ನಾವು ಸೈ ಹಾಕಿದ್ದು?" ಎಂದು ಹಿಂದಿನಿಂದ ಯಾರೋ ಕೇಳಿದರು.

ಆಮೇಲೆ ಒಂದೂವರೆ ಗಂಟೆ ಮಾತು. ನಾನು ಅಷ್ಟಮುಡಿಯ ಕತೆ ಹೇಳಿದೆ, ಕುಂಬಳೆಯ ಕತೆ ಹೇಳಿದೆ. ಆ 22 ಸಾವಿರ ಟನ್ನಿನ ಅಂಕಿಯನ್ನೂ ಹೇಳಿದೆ. ಇಷ್ಟು ಬೆಳಚಿದೆ, ಇಷ್ಟು ಜನ ಬದುಕುತ್ತಾರೆ ಎಂದು ಯಾರಾದರೂ ಎಣಿಸಿ ಬರೆದಿದ್ದರೆ, ಹೊಳೆಯಲ್ಲಿ ಏನೂ ಇಲ್ಲ ಎಂದು ಹೇಳಲು ನಾಳೆ ಯಾರಿಗೂ ಬಾಯಿ ಬರುವುದಿಲ್ಲ ಎಂದೆ. ಬರೆಯದಿದ್ದರೆ ನೀವು ಇಲ್ಲವೇ ಇಲ್ಲ, ಅಜ್ಜಿ ರೇಷನ್ ಕಾರ್ಡಿನಲ್ಲಿ ಇಲ್ಲದ ಹಾಗೆ. ಕೆಲವರು ತಲೆಯಾಡಿಸಿದರು. ಒಬ್ಬ ಹಿರಿಯಳು, "ಇಲ್ಲದಿದ್ರೇ ಚಲೋ. ಇಲ್ಲದವ್ರನ್ನ ಯಾರೂ ಎಬ್ಸೂದಿಲ್ಲ," ಎಂದಳು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಕೊನೆಗೆ ಹದಿನಾರು ಜನ ಮತ್ತೆ ಸಹಿ ಹಾಕಿದರು. ಮೂರು ಷರತ್ತುಗಳನ್ನು ಅವರೇ ಹೇಳಿದರು, ನಾನು ಬರೆದುಕೊಂಡೆ. ಜಾಗದ ಕಾಲಮ್ಮಿನಲ್ಲಿ ಮೇಲಿನ ಹೊಳೆ, ನಡು ಹೊಳೆ, ಅಳಿವೆ ಬಾಯಿ ಎಂದು ಮೂರೇ ಹೆಸರು. ಪುಸ್ತಕದ ಒಂದು ಪ್ರತಿ ಊರಿನಲ್ಲೇ ಇರಬೇಕು. ಯಾರಿಗೆ ತೋರಿಸಿದರು ಎಂದು ತಮಗೆ ತಿಳಿಸಬೇಕು. ಸಂಸ್ಥೆ ಮೊದಲ ಎರಡನ್ನು ಒಪ್ಪಿತು, ಮೂರನೆಯದಕ್ಕೆ 'ಪ್ರಯತ್ನಿಸುತ್ತೇವೆ' ಎಂದಿತು. ಆರು ಜನ ಹೊರಗುಳಿದರು. ಅವರಲ್ಲಿ ಮೊದಲನೆಯವಳು ಚಿಕ್ಕಿ. ಪೆನ್ನು ತೆಗೆದುಕೊಂಡು ತನ್ನ ಹಳೆಯ ಸಹಿಯ ಮೇಲೆ ಎರಡು ಗೆರೆ ಎಳೆದಳು. ನನ್ನ ಮೇಲೆ ಸಿಟ್ಟಿರಲಿಲ್ಲ. ರಾತ್ರಿ ಬೆಳಚಿನ ಸುಕ್ಕ ಮಾಡಿ ಎರಡು ಸಲ ಬಡಿಸಿದಳು.

ಎರಡು ವರ್ಷದ ಯೋಜನೆ ಒಂದೂವರೆ ವರ್ಷಕ್ಕೆ ಮುಗಿಯಿತು, ದುಡ್ಡು ನಿಂತಿತಂತೆ. ವರದಿ ಇಂಗ್ಲಿಷಿನಲ್ಲಿ ಬಂತು. ಅದನ್ನು ಕನ್ನಡಕ್ಕೆ ತರಲು ಯಾರೂ ಹೇಳಲಿಲ್ಲ. ನಾಲ್ಕು ಪುಟದ ಸಾರ ಮಾಡಿ ನಾನೇ ಕಳಿಸಿದೆ, ಮೊದಲೇ ಮಾಡಬೇಕಾಗಿದ್ದ ಕೆಲಸ.

ಆದರೆ ಚಿಕ್ಕಿ ಬರೆಯುವುದನ್ನು ಬಿಟ್ಟಿರಲಿಲ್ಲ. ಇದು ನನಗೆ ಗೊತ್ತಾದದ್ದು ಹೋದ ಚೌತಿಗೆ ಊರಿಗೆ ಹೋದಾಗ. ಮೊಮ್ಮಗನ ಹಳೆಯ ನೋಟ್‌ಬುಕ್ಕಿನ ಹಿಂಬದಿಯ ಹಾಳೆಗಳಲ್ಲಿ ತಿಥಿ, ಬುಟ್ಟಿ, ರೇಟು ಎಂದು ಮೂರು ಸಾಲು. ಜಾಗದ ಹೆಸರು ಪೂರ್ತಿಯಾಗಿ, ಗುಡಿ ಎದುರಿನ ದಿಬ್ಬ ಎಂದೇ. ಇನ್ನೊಂದು ಸಾಲು ನನಗೆ ಅರ್ಥವಾಗಲಿಲ್ಲ, ಬರೀ ಅಂಕಿಗಳು. ಕೇಳಿದೆ. ಎಣ್ಣೆಯ ಹಳೆಯ ಡಬ್ಬಿಯೊಂದನ್ನು ತೋರಿಸಿದಳು. ವಾರಕ್ಕೊಮ್ಮೆ ಅದರ ತುಂಬ ಬೆಳಚು ಹಾಕಿ, ಎಷ್ಟು ಹಿಡಿಸಿತೆಂದು ಎಣಿಸಿ ಬರೆಯುತ್ತಾಳೆ. "ನೀ ಹೇಳಿದ್ದೆಯಲ್ಲ, ಕೇರಳದಲ್ಲಿ ಕಿಲೋಗೆ ಎಷ್ಟು ಅಂತ ಎಣಿಸ್ತ್ರು ಅಂತ. ನಮ್ಮ ಹತ್ರ ತಕ್ಕಡಿ ಎಲ್ಲುಂಟು? ಡಬ್ಬಿ ಉಂಟು." ಹಾಳೆ ತಿರುವಿದಂತೆ ಅಂಕಿ ಏರುತ್ತ ಹೋಗಿತ್ತು. ಡಬ್ಬಿಗೆ ಹೆಚ್ಚು ಹಿಡಿಸುತ್ತಿದೆ ಎಂದರೆ ಬೆಳಚು ಚಿಕ್ಕದಾಗುತ್ತಿದೆ.

ಆ ಅಂಕಿ ನೋಡಿಯೇ ಅವರೆಲ್ಲ, ಸಹಿ ಹಾಕಿದವರೂ ಹಾಕದವರೂ, ಗುಡಿ ಎದುರಿನ ದಿಬ್ಬವನ್ನು ಶಿವರಾತ್ರಿಯವರೆಗೆ ಮುಟ್ಟುವುದು ಬೇಡ ಎಂದು ಮಾತಾಡಿಕೊಂಡಿದ್ದರಂತೆ. ನಾಲ್ಕು ಮೂಲೆಗೆ ಗೂಟ ನೆಟ್ಟು ಬಂದರು. ಎರಡು ತಿಂಗಳು ಯಾರೂ ಹೋಗಲಿಲ್ಲ. ಒಂದು ಅಮಾವಾಸ್ಯೆಯ ಬೆಳಿಗ್ಗೆ ನೋಡಿದರೆ ಆಚೆ ದಡದವರು ದೋಣಿ ತಂದು ದಿಬ್ಬವನ್ನೆಲ್ಲ ಕೆದಕಿ ತುಂಬಿಕೊಂಡು ಹೋಗಿದ್ದರು. ಜಗಳಕ್ಕೆ ಹೋದಾಗ, "ಬಿಡ್ಬೇಕು ಅಂತ ಎಲ್ಲಿ ಬರದೀದೆ, ತೋರ್ಸಿ," ಎಂದರಂತೆ. ಅವರದೂ ತಪ್ಪೆನ್ನಲು ಬಾರದು. ಅವರ ಡಬ್ಬಿಯಲ್ಲಿ ಯಾರೂ ಎಣಿಸಿರಲಿಲ್ಲ.

ಇದನ್ನು ಹೇಳಿ ಚಿಕ್ಕಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟಳು.

"ಪಂಚಾಯ್ತಿಗೆ ಒಂದು ಅರ್ಜಿ ಬರಿ. ಎರಡೂ ದಡದವ್ರಿಗೆ ಒಂದೇ ಕಾಯ್ದೆ ಆಗ್ಬೇಕು. ಈ ಲೆಕ್ಕ ಎಲ್ಲ ಸೇರ್ಸು."

"ಜಾಗದ ಹೆಸರೂ ಸೇರಿಸಲಾ?"

ಯೋಚಿಸಿದಳು. ಹೊರಗೆ ನೀರು ಏರುತ್ತಿತ್ತು. ದಿಬ್ಬ ಆಗಲೇ ಮುಳುಗಿ, ಉಳಿದಿದ್ದ ಒಂದು ಗೂಟದ ತುದಿ ಮಾತ್ರ ಕಾಣುತ್ತಿತ್ತು.

"ಆ ದಿಬ್ಬದ್ದು ಒಂದು ಸೇರ್ಸು. ಬೇರೆದು ಬೇಡ," ಎಂದಳು. "ಬರದ್ಮೇಲೆ ನಂಗೆ ಓದಿ ಹೇಳು. ಪೂರ್ತಿ ಓದ್ಬೇಕು, ಕೆಳಗಿನ ಸಣ್ಣ ಅಕ್ಷರವನ್ನೂ."

ಅರ್ಜಿಯಲ್ಲಿ ಸಣ್ಣ ಅಕ್ಷರ ಇರುವುದಿಲ್ಲ ಎಂದೆ. ಆದರೂ ಓದು ಎಂದಳು. ಬರೆದೆ, ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದಳು. 'ಕೋರಿಕೊಳ್ಳುತ್ತೇವೆ' ಎಂದಿದ್ದಲ್ಲಿ 'ಕೇಳುತ್ತಿದ್ದೇವೆ' ಎಂದು ಮಾಡಿಸಿ, ಆಮೇಲೆ ಸಹಿ ಹಾಕಿದಳು.